ಬಲೆಯ ಹೆಸರಲ್ಲಿ ಹೆದರಿಸಿದ ಡುಮ್ಮಣ್ಣ

ಒಂದು ಮನೆಯ ಪಡಸಾಲೆಯಲ್ಲಿ ದೊಡ್ಡದೊಂದು ಗಾಜಿನ ತೊಟ್ಟಿಯಿತ್ತು. ಅದರ ತುಂಬ ಕಡಲಿನಂಥ ಉಪ್ಪುನೀರು, ಒಳಗೆ ಮರಳು, ಕಲ್ಲು, ಬಣ್ಣಬಣ್ಣದ ಮೀನುಗಳು. ಕಾಡಿಲ್ಲದಿದ್ದರೇನಂತೆ, ಕಾಡಿನಲ್ಲಿರುವ ಜಾಣತನ, ಪೆದ್ದುತನ ಎರಡೂ ಅಲ್ಲಿ ಧಾರಾಳವಾಗಿದ್ದವು.

ದಿನಾ ಬೆಳಿಗ್ಗೆ ಮನೆಯೊಡತಿ ಆಹಾರ ಉದುರಿಸಿ, ಗಾಜಿಗೆ ಮುಖವಿಟ್ಟು ನೋಡುತ್ತಿದ್ದಳು. ಯಾವ ಮೀನು ತಿನ್ನಲು ಬರುತ್ತಿರಲಿಲ್ಲವೋ, ಯಾವುದು ಕಲ್ಲಿಗೆ ಮೈ ಉಜ್ಜುತ್ತಿತ್ತೋ, ಅದನ್ನು ಪುಟ್ಟ ಬಲೆಯಲ್ಲಿ ಎತ್ತಿ ಬೇರೆ ಕೋಣೆಯ ಮದ್ದಿನ ತೊಟ್ಟಿಗೆ ಬಿಡುತ್ತಿದ್ದಳು. ಹಾಗೆ ಹೋದವರು ವಾರಗಟ್ಟಲೆ ಬರುತ್ತಿರಲಿಲ್ಲ. ಅದಕ್ಕೇ ಬಲೆಯೆಂದರೆ ಉಳಿದವರಿಗೆ ನಡುಕ.

ಕೆಂಚಿ ಎಂಬ ಕಿತ್ತಳೆ ಬಣ್ಣದ ಮೀನಿಗೆ ಪಿಳ್ಳನೆಂಬ ತಮ್ಮನಿದ್ದ. ಒಂದು ದಿನ ಅವನ ರೆಕ್ಕೆಯ ಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಎದ್ದವು. ಕೆಂಚಿಗೆ ಜೀವವೇ ಬಾಯಿಗೆ ಬಂತು. ತನ್ನವರೆಂದು ಅವಳಿಗಿದ್ದವನು ಅವನೊಬ್ಬನೇ.

ಅಲ್ಲಿ ಡುಮ್ಮಣ್ಣನೆಂಬ ಉಬ್ಬುವ ಮೀನು ವೈದ್ಯನಂತೆ ಮೆರೆಯುತ್ತಿದ್ದ.

"ಬಲೆಗೆ ಸಿಕ್ಕಿದರೆ ಸತ್ತ ಹಾಗೆ, ತಂಗಿ. ತಮ್ಮನನ್ನು ನನ್ನ ಗುಹೆಯಲ್ಲಿ ಬಚ್ಚಿಡು. ನಿನ್ನ ಊಟದಲ್ಲಿ ಅರ್ಧ ನನಗೆ ಕೊಡು," ಎಂದ.

ಕೆಂಚಿ ತಮ್ಮನನ್ನು ಅಲ್ಲಿ ಬಚ್ಚಿಟ್ಟು, ತಾನು ಅರೆಹೊಟ್ಟೆಯಲ್ಲಿದ್ದು ಡುಮ್ಮಣ್ಣನ ಹೊಟ್ಟೆ ತುಂಬಿಸಿದಳು. ಐದನೆಯ ದಿನ ಚುಕ್ಕೆಗಳೆಲ್ಲ ಮಾಯ! ಡುಮ್ಮಣ್ಣ ತನ್ನ ಕೈಗುಣವನ್ನು ತೊಟ್ಟಿಗೆಲ್ಲ ಸಾರಿಕೊಂಡು ಬಂದ. ಮೀನುಗಳ ಮೈ ಶುಚಿ ಮಾಡುವ ಸಿಗಡಿಯಜ್ಜಿ ಮಾತ್ರ ಮೀಸೆ ಅಲ್ಲಾಡಿಸಿದಳು.

"ರೋಗ ಸತ್ತಿಲ್ಲ ಮಗಾ, ಮೈಯಿಂದ ಮರಳಿಗೆ ಉದುರಿದೆ. ಅಲ್ಲಿ ಒಂದಕ್ಕೆ ನೂರಾಗಿ ಮತ್ತೆ ಬರ್ತದೆ," ಎಂದಳು.

ಕೆಂಚಿ ಕೇಳಿಯೂ ಕೇಳದಂತಿದ್ದಳು. ಒಳ್ಳೆಯ ಸುದ್ದಿ ಬಂದಾಗ ಅನುಮಾನದ ಮಾತು ಯಾರಿಗೆ ತಾನೇ ಬೇಕು?

ಇನ್ನೂ ಕೆಲವು ದಿನ ಕಳೆದವು. ತೊಟ್ಟಿಯ ಎಲ್ಲ ಮೀನುಗಳ ಮೈಮೇಲೂ ಚುಕ್ಕೆ ಎದ್ದವು. ಪಿಳ್ಳ ಮೂಲೆಯಲ್ಲಿ ಬಿದ್ದು ಏದುಸಿರು ಬಿಡತೊಡಗಿದ. ಕೆಂಚಿ ಹೆದರಿ ಗುಹೆಗೆ ಓಡಿದರೆ ಡುಮ್ಮಣ್ಣ ಅಲ್ಲಿರಲಿಲ್ಲ. ಮೈತುಂಬ ಚುಕ್ಕೆ ಹೊತ್ತು ಅವನು ಒಡತಿಯ ಕಣ್ಣೆದುರೇ ಗಾಜಿಗೆ ಹೊಟ್ಟೆ ಉಜ್ಜುತ್ತಿದ್ದ. ಬಲೆ ನೀರಿಗಿಳಿದದ್ದೇ ತಡ, ಎಲ್ಲರಿಗಿಂತ ಮೊದಲು ಅದರತ್ತ ನುಗ್ಗಿದ.

"ಬಲೆಗೆ ಸಿಕ್ಕಿದರೆ ಸತ್ತ ಹಾಗೆ ಅಂದಿದ್ದೆಯಲ್ಲ ಅಣ್ಣಾ?" ಎಂದಳು ಕೆಂಚಿ.

"ಅದು ನಿಮಗೆ ಹೇಳಿದ್ದು. ನಾನು ನೀವೆಲ್ಲ ಈ ತೊಟ್ಟಿಗೆ ಬರುವ ಮೊದಲೇ ಒಂದು ಸಲ ಹೋಗಿ ಹುಷಾರಾಗಿ ಬಂದವನು. ದಾರಿ ಬಿಡು."

ಕೆಂಚಿಯ ಮೈಯೆಲ್ಲ ಉರಿದುಹೋಯಿತು. ಆದರೆ ಜಗಳಕ್ಕೆ ಹೊತ್ತಿರಲಿಲ್ಲ. ತಿರುಗಿ ಓಡಿ, ತಮ್ಮನನ್ನು ಮೂತಿಯಿಂದ ತಳ್ಳಿಕೊಂಡು ಬಂದಳು. ತಾನೇ ಮೊದಲು ಹೋಗಬೇಕೆಂದು ಅವಳನ್ನು ತಡೆಯಲು ಡುಮ್ಮಣ್ಣ ಬಲೆಯ ಬಾಯಲ್ಲೇ ಮೈ ಉಬ್ಬಿಸಿ ಅಡ್ಡ ನಿಂತ. ಎಷ್ಟು ಉಬ್ಬಿದನೆಂದರೆ, ಆ ಪುಟ್ಟ ಬಲೆಯಲ್ಲಿ ಅವನೇ ಹಿಡಿಸಲಿಲ್ಲ. ಅಕ್ಕತಮ್ಮ ಸಂದಿಯಲ್ಲಿ ನುಸುಳಿ ಬಲೆ ಸೇರಿದರು. ಅವರ ಹಿಂದೆ ಉಳಿದವರೂ ಹೋದರು. ಡುಮ್ಮಣ್ಣನ ಉಬ್ಬು ಇಳಿದು ಅವನ ಸರದಿ ಬಂದದ್ದು ಎಲ್ಲರಿಗಿಂತ ಕೊನೆಗೆ.

ಮದ್ದಿನ ತೊಟ್ಟಿಯಲ್ಲಿ ಆರನೆಯ ದಿನ ಪಿಳ್ಳ ತಾನಾಗಿ ಮೇಲೆ ಬಂದು ಒಂದು ತುತ್ತು ತಿಂದ. ಕೆಂಚಿ ಅತ್ತಳು. ಉಪ್ಪುನೀರಿನಲ್ಲಿ ಅತ್ತರೆ ಯಾರಿಗೆ ಗೊತ್ತಾಗುತ್ತದೆ! ಡುಮ್ಮಣ್ಣನೂ ಬದುಕಿದ. ಆದರೆ ಅವನ ಹತ್ತಿರ ಮದ್ದು ಕೇಳಲು ಮತ್ತೆಂದೂ ಯಾರೂ ಹೋಗಲಿಲ್ಲ.

ನೀತಿ: ಬಚ್ಚಿಟ್ಟ ರೋಗ ಬೆಳೆಯುತ್ತದೆ. ಚಿಕಿತ್ಸೆಯ ಬಗ್ಗೆ ಹೆದರಿಸುವವನನ್ನು ನಂಬುವ ಮೊದಲು, ತನಗೇ ಕಾಯಿಲೆ ಬಂದಾಗ ಅವನು ಎಲ್ಲಿಗೆ ಓಡುತ್ತಾನೆಂದು ನೋಡಬೇಕು.