ಅವರೆಹಳ್ಳಿಗೆ ಹೆಸರು ಬಿದ್ದದ್ದು

ಕಲ್ಲಿಗೂ ಕಿವಿಯಿದ್ದ ಕಾಲದಲ್ಲಿ, ಒಂದಾನೊಂದು ಊರಂತೆ. ಅದೇ ನಮ್ಮ ಅವರೆಹಳ್ಳಿ. ಅವರೆ ಬೆಳೆಯೋದಕ್ಕೆ ಆ ಹೆಸರು ಬಂತು ಅಂತಾರಲ್ಲ, ಅವರಿಗೇನೂ ಗೊತ್ತಿಲ್ಲ. ನಿಜ ಗೊತ್ತಿರೋನು ಸುತ್ತೇಳು ಹಳ್ಳಿಗೆ ನಾನೊಬ್ಬನೇ. ಕೇಳಿ.

ಆಗ ಅದು ಜವರಯ್ಯನಹಳ್ಳಿಯಂತೆ. ಊರು ಕಟ್ಟಿದ ಜವರಯ್ಯ ಎಂಥ ಆಳು! ಅವನು ಸೀನಿದರೆ ಪಕ್ಕದೂರಲ್ಲಿ ಹುಣಸೆಕಾಯಿ ಉದುರೋವು. ಅವನ ಹೆಂಡತಿ ನಿಂಗಾಜಮ್ಮ. ಒಂದಿನ ಊರಿಗೂರೇ ಮದುವೆ ದಿಬ್ಬಣ ಹೋಯ್ತಂತೆ. ಹಸು ಕರು ಹಾಕೋ ಹಂಗಿತ್ತು ಅಂತ ನಿಂಗಾಜಮ್ಮ ಒಬ್ಬಳೇ ಉಳಿದಳು.

ಅವತ್ತೇ ರಾಜ ಬರಬೇಕೆ! ಊರೂರಿಗೂ ದನ ಮೇಯೋ ಗೋಮಾಳ ಗೊತ್ತುಮಾಡಿ, ಎಲ್ಲೆಕಲ್ಲಿನ ಮೇಲೆ ಊರ ಹೆಸರು ಕೆತ್ತಿಸ್ತಾ ಬಂದನಂತೆ. ಹಿಂದೆಯೇ ಮೇಗಲೂರಿನ ಪಟೇಲ ಹೊಂಬಾಳೇಗೌಡ. ಆ ಹುಲ್ಲಿನ ಮೇಲೆ ಅವನಿಗೆ ಕಣ್ಣು.

“ಇದು ಊರೇ ಅಲ್ಲ ಬುದ್ಧಿ, ನಮ್ಮೂರ ಹಿತ್ಲು. ಹೆಸರೇ ಇಲ್ಲ ಇದಕ್ಕೆ” ಅಂದ.

ರಾಜ ನಿಂಗಾಜಮ್ಮನ ಕಡೆ ತಿರುಗಿ, “ಹೆಸರಿದ್ದರೆ ಹೇಳಮ್ಮ. ಇಲ್ಲದಿದ್ದರೆ ಗೋಮಾಳ ಪಟೇಲನಿಗೆ” ಅಂದ.

ನಿಂಗಾಜಮ್ಮನಿಗೆ ಬಂತು ನೋಡಿ ಇಕ್ಕಟ್ಟು. ಗಂಡನ ಹೆಸರು ಬಾಯಲ್ಲಿ ಬಂದರೆ ಗಂಡನ ಆಯಸ್ಸು ಕಮ್ಮಿ. ಬರದಿದ್ದರೆ ಊರ ದನಕ್ಕೆ ಹುಲ್ಲಿಲ್ಲ.

“ಹೆಸರು ಅದೆ ಬುದ್ಧಿ. ನಾನು ಹೇಳಂಗಿಲ್ಲ.”

“ಯಾಕೆ?”

“ಅದು... ಅವರದು.”

“ಯಾರದು?”

“ಅಯ್ಯೋ, ಅವರದು ಅಂದ್ನಲ್ಲ! ಅವರ ಹಳ್ಳಿ!”

ಉಳಿ ಸದ್ದು ಕೇಳೀ ಕೇಳೀ ಕಲ್ಲುಕುಟಿಗನ ಕಿವಿ ಮಂದ. “ಹಾಂ, ಅವರೆಹಳ್ಳಿ” ಅಂತ ಟಣ್ ಟಣ್ ಕೆತ್ತೇಬಿಟ್ಟ. ಅಕ್ಷರ ಎಷ್ಟು ಆಳ ಅಂತೀರಿ? ಚಿಕ್ಕಂದಿನಲ್ಲಿ ನಾನು ‘ರೆ’ ಒಳಗೆ ಬಿದ್ದಾಗ ಹಗ್ಗ ಹಾಕಿ ಎತ್ತಿದ್ರು!

ಪಟೇಲ ಹೊಟ್ಟೆ ಹಿಡಕೊಂಡು ನಕ್ಕ. “ಅವರೆಹಳ್ಳಿಯಂತೆ! ಒಂದು ಅವರೆ ಗಿಡ ತೋರಿಸಲಿ ಬುದ್ಧಿ. ಹಸೀ ಸುಳ್ಳು!”

ನಿಂಗಾಜಮ್ಮ ಕಲ್ಲು ನೋಡಿದಳು, ಪಟೇಲನ್ನ ನೋಡಿದಳು, ಸೆರಗು ಸಿಗಿಸಿ ಒಳಕ್ಕೋದಳು. ಹಿಂದಿನ ದಿನ ತವರಿಂದ ಅಣ್ಣ ಒಂದು ಕುಕ್ಕೆ ಅವರೆ ತಂದಿದ್ದ. ಹಿತುಕಿದ ಬೇಳೆ ಸಾರು ಒಲೆ ಮೇಲೆ ಕುದೀತಿತ್ತು. ಗಡಿಗೆ ತಂದು ರಾಜನ ಮುಂದಿಟ್ಟು ಮುಚ್ಚಳ ತೆಗೆದಳಂತೆ. ಆ ಸೊಗಡಿಗೆ ರಾಜನ ಕುದುರೆ ಮಂಡಿಯೂರಿತು!

“ಗಿಡ ಯಾಕೆ ಬುದ್ಧಿ, ಸಾರೇ ನೋಡಿ.”

ರಾಜ ಮುದ್ದೆ ಮೇಲೆ ಮುದ್ದೆ ನುಂಗಿ, ಗಡಿಗೆ ತಳ ಕೆರೆದು, “ಈ ಊರಿಗೆ ಬೇರೆ ಹೆಸರಿಟ್ಟರೆ ನನ್ನ ನಾಲಿಗೆ ಒಪ್ಪಲ್ಲ” ಅಂತ ಗೋಮಾಳ ಕೊಟ್ಟನಂತೆ. ಪಟೇಲನಿಗೆ ಸಿಕ್ಕಿದ್ದು ಸಿಪ್ಪೆ.

ಸಂಜೆ ಜವರಯ್ಯ ಬಂದು ಕಲ್ಲು ನೋಡಿದ. “ನನ್ನ ಹೆಸರೆಲ್ಲಮ್ಮೀ?”

“ಅದೇ ಅಲ್ವಾ, ‘ಅವರ’ ಅಂತ! ನನಗೆ ಅವರು ಅಂದ್ರೆ ಇನ್ಯಾರು?”

ಹಿಗ್ಗಿಗೆ ಜವರಯ್ಯನ ಮೀಸೆ ಮುಗಿಲಿಗೆ ತಾಗಿತಂತೆ. ಹೆಂಡತಿ ಮಾತು ಸುಳ್ಳಾಗಬಾರದು ಅಂತ ಆ ವರ್ಷವೇ ಹೊಲದ ತುಂಬ ಅವರೆ ಬಿತ್ತಿದ. ಹೆಸರು ಕಲ್ಲಿಂದ ಹೋಯ್ತು, ಆಯಸ್ಸು ಉಳೀತು. ಮುನ್ನೂರು ವರ್ಷ ಬಾಳಿದನಂತೆ.

ಅವರು ಅಲ್ಲಿ ಅವರೆ ಸುಲೀತಾ ಅವರೆ, ನಾವು ಇಲ್ಲಿ ಬಾಯಿ ಚಪ್ಪರಿಸ್ತಾ ಕೂತಿದ್ದೀವಿ.