ಬಂಡೆಯ ಮೇಲೆ ಕಲ್ಲುಹೂವು ಬಂದ ಬಗೆ

ಲೋಕ ಇನ್ನೂ ಆಗತಾನೇ ಆವಿಗೆಯಿಂದ ತೆಗೆದ ಮಡಕೆಯ ಹಾಗೆ ಬೆಚ್ಚಗಿದ್ದ ಕಾಲ. ಹಳ್ಳಗಳು ತಮ್ಮ ದಾರಿ ಯಾವುದೆಂದು ಹುಡುಕಿಕೊಳ್ಳುತ್ತಿದ್ದವು. ಯಾವ ತಿಂಗಳಲ್ಲಿ ಹೂ ಬಿಡಬೇಕೆಂದು ಮರಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಮನುಷ್ಯರ ಮಾತು ಗಾಳಿಗೆ ತಿಳಿಯುತ್ತಿತ್ತು, ಗಾಳಿಯ ಮಾತು ಮನುಷ್ಯರಿಗೂ ತಿಳಿಯುತ್ತಿತ್ತು.

ಬಂಡೆಗಳು ಮಾತ್ರ ಬೋಳಾಗಿದ್ದವು. ಬೆಟ್ಟದ ತುದಿಯಿಂದ ಬುಡದವರೆಗೆ ಎಲ್ಲಿ ನೋಡಿದರೂ ತೊಳೆದು ಬೋರಲು ಹಾಕಿದ ಬೋಗುಣಿಯ ಹಾಗೆ ನುಣ್ಣಗಿದ್ದವು. ಒಂದು ಮಚ್ಚೆ ಇಲ್ಲ, ಒಂದು ಕಲೆ ಇಲ್ಲ.

ಅಂಥ ಬಂಡೆಗಳ ನಡುವೆ ಹತ್ತೊಲೆ ಎಂಬ ಊರಿತ್ತು. ಹತ್ತು ಮನೆ, ಹತ್ತು ಒಲೆ. ಅದಕ್ಕೇ ಆ ಹೆಸರು. ಅಲ್ಲಿ ಬೋರಕ್ಕ ಎಂಬ ಸೂಲಗಿತ್ತಿ ಇದ್ದಳು. ಊರಿನ ಮಕ್ಕಳೆಲ್ಲ ಲೋಕಕ್ಕೆ ಬಂದದ್ದು ಅವಳ ಕೈಗೇ. ಯಾವ ಮಗು ಹುಟ್ಟುತ್ತಲೇ ಅತ್ತಿತು, ಯಾವುದನ್ನು ಬೆನ್ನು ತಟ್ಟಿ ಅಳಿಸಬೇಕಾಯಿತು, ಎಲ್ಲ ಅವಳಿಗೆ ಗೊತ್ತಿತ್ತು.

ಹುಟ್ಟು ಅವಳಿಗೆ ಗೊತ್ತಿತ್ತು. ಸಾವು ಮಾತ್ರ ಯಾರಿಗೂ ನೆನಪಿರುತ್ತಿರಲಿಲ್ಲ.

ಏಕೆಂದರೆ ಆ ಕಾಲದಲ್ಲಿ ಒಂದು ಕಟ್ಟಳೆ ಇತ್ತು. ಯಾರಾದರೂ ಸತ್ತರೆ ಮೂರನೆಯ ದಿನ, ಹೊತ್ತು ನೆತ್ತಿಗೇರಿದಾಗ, ಗಾಳಿ ಊರಿಗೆ ಬರುತ್ತಿತ್ತು. ಬಾಗಿಲು ಬಾಗಿಲಿಗೂ ಸುಳಿದು, ಸತ್ತವರ ಹೆಸರನ್ನೂ ಅವರು ಬದುಕಿದ ಬಗೆಯನ್ನೂ ಸತ್ತ ಬಗೆಯನ್ನೂ ಕಸ ಗುಡಿಸಿದ ಹಾಗೆ ಗುಡಿಸಿಕೊಂಡು ಹೋಗುತ್ತಿತ್ತು. ಅಳುತ್ತಿದ್ದವರು ಕಣ್ಣೊರೆಸಿಕೊಂಡು, ತಾವು ಯಾಕೆ ಅಳುತ್ತಿದ್ದೆವೆಂದು ಒಬ್ಬರ ಮುಖ ಒಬ್ಬರು ನೋಡಿ, ಮುದ್ದೆಗೆ ಎಸರಿಡಲು ಎದ್ದು ಹೋಗುತ್ತಿದ್ದರು.

ಊರಿಗೆ ಇದು ಒಳ್ಳೆಯದೇ ಅನಿಸಿತ್ತು. ನೋವು ಮೂರೇ ದಿನ. ನಾಲ್ಕನೆಯ ದಿನ ಹೊಟ್ಟೆ ತುಂಬ ಊಟ.

ಬೋರಕ್ಕನ ಮನೆಯ ಬಾಗಿಲ ಹಿಂದೆ ಒಂದು ಜೊತೆ ಚಪ್ಪಲಿ ಇದ್ದವು. ಗಂಡಸಿನ ಚಪ್ಪಲಿ, ಎಡಗಾಲಿನದು ಹಿಮ್ಮಡಿಯಲ್ಲಿ ಹೆಚ್ಚು ಸವೆದಿತ್ತು. ಅವು ಯಾರವೆಂದು ಅವಳಿಗೆ ತಿಳಿಯದು. ಗುಡಿಸುವಾಗ ಎತ್ತಿಡುತ್ತಿದ್ದಳು, ಗುಡಿಸಿದ ಮೇಲೆ ಅಲ್ಲೇ ಇಡುತ್ತಿದ್ದಳು. ಬಿಸಾಡಲು ಮನಸ್ಸು ಬರುತ್ತಿರಲಿಲ್ಲ. ಯಾಕೆ ಬರುವುದಿಲ್ಲ ಎಂಬುದೂ ತಿಳಿಯುತ್ತಿರಲಿಲ್ಲ.

ಒಂದು ದಿನ ಪಕ್ಕದ ಮನೆಯ ಹೊನ್ನೂರಿಯ ಮಗಳು ಕೆಂಚಿ ಆಡು ಮೇಯಿಸಲು ಹೋದಳು. ಕೆಂಚಿಗೆ ಒಂಬತ್ತು ವರ್ಷ. ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದರೆ ಮೂರು ಗುಡ್ಡದಾಚೆಯ ಆಡೂ ಕಿವಿ ನಿಮಿರಿಸಬೇಕು, ಅಂಥ ಹುಡುಗಿ. ಆಡಿಗೆ ಹೆದರದವಳು, ಹುಂಜಕ್ಕೆ ಹೆದರುತ್ತಿದ್ದಳು. ಆ ದಿನ ಹಸಿವಾಗಿ, ಪೊದೆಯ ಬುಡದಲ್ಲಿ ಒಂದು ಗೆಡ್ಡೆ ಅಗೆದು ತಿಂದಳು. ಮೇಲೆ ಕೆಂಪು ನರ ಓಡಿದ, ನಾಲಿಗೆಗೆ ಸಿಹಿಯಾದ ಗೆಡ್ಡೆ.

ಮನೆಗೆ ಬರುವಷ್ಟರಲ್ಲಿ ಅವಳ ತುಟಿ ನೀಲಿಯಾಗಿತ್ತು. ಬೋರಕ್ಕ ಓಡಿ ಬಂದಳು, ಹೊಟ್ಟೆ ನೀವಿದಳು, ವಾಂತಿ ಮಾಡಿಸಿದಳು. ತನಗೆ ಗೊತ್ತಿದ್ದ ಬೇರು, ಸೊಪ್ಪು ಎಲ್ಲ ಅರೆದು ಕುಡಿಸಿದಳು. ಯಾವುದೂ ನಾಟಲಿಲ್ಲ. ಕೆಂಚಿ ತಾಯಿಯ ಮಡಿಲಲ್ಲೇ ಪ್ರಾಣ ಬಿಟ್ಟಳು.

ಊರು ಸೇರಿ ಅತ್ತಿತು. ಬೋರಕ್ಕ ಅಳಲಿಲ್ಲ. ಹುಡುಗಿಯ ತುಟಿಯನ್ನೇ ನೋಡುತ್ತ ಕೂತಳು.

"ಈ ನೀಲಿ ನಾನು ನೋಡಿದ್ದೀನಿ," ಎಂದಳು. "ನನ್ನ ಕೈ ಈ ತುಟಿ ಒರೆಸಿದೆ. ಇವಳ ತುಟಿ ಅಲ್ಲ, ಬೇರೆ ಯಾರದೋ. ಯಾರದು?"

ಊರ ಹಿರಿಯ ಓಬಯ್ಯ ತಲೆಯಾಡಿಸಿದ. "ಮೂರು ದಿನ ತಡಿ ಬೋರಕ್ಕ. ಗಾಳಿ ಬರ್ತದೆ. ಎಲ್ಲ ಹಗುರ ಆಗ್ತದೆ."

"ನನಗೆ ಹಗುರ ಬೇಡ," ಎಂದು ಬೋರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

ಎರಡು ಬೆಟ್ಟ ಕೂಡುವ ಕಣಿವೆಯಲ್ಲಿ ಗಾಳಿಯ ಮನೆ. ಗಾಳಿ ಅಲ್ಲಿ ಹುಲ್ಲಿನ ಮೇಲೆ ಹೊರಳಾಡುತ್ತ ಮಲಗಿತ್ತು. ಬೋರಕ್ಕ ಹೋಗಿ ಎದುರಿಗೆ ನಿಂತಳು.

"ಗಾಳಿಯಣ್ಣ, ಒಂದು ಮಾತು ಕೇಳ್ತೀನಿ, ನಿಜ ಹೇಳು. ನೀಲಿ ತುಟಿಯ ಸಾವು ಇನ್ನೊಂದು ಯಾವುದು?"

ಗಾಳಿ ಎದ್ದು ಕೂತಿತು. ಅದಕ್ಕೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಏಳು ವರ್ಷದ ಹಿಂದಿನದು. ನಿನ್ನ ಮನೆಯದೇ. ನಿನ್ನ ಗಂಡ. ಅವನೂ ಅದೇ ಗೆಡ್ಡೆ ತಿಂದಿದ್ದ."

ತನಗೊಬ್ಬ ಗಂಡನಿದ್ದ ಎಂಬುದು ಬೋರಕ್ಕನಿಗೆ ಆಗ ತಿಳಿದದ್ದು.

"ಸಾಯುವಾಗ ಏನಾದರೂ ಹೇಳಿದನಾ?"

ಹುಲ್ಲೆಲ್ಲ ಅಲುಗದೆ ನಿಂತಿತು. "ಹೇಳಿದ. 'ಕೆಂಪು ನರದ ಗೆಡ್ಡೆ ಯಾರೂ ತಿನ್ನಬೇಡಿ, ಮಕ್ಕಳಿಗೆ ಹೇಳಿ' ಅಂತ ಮೂರು ಸಲ ಹೇಳಿದ. ಮೂರನೇ ದಿನ ಆ ಮಾತನ್ನೂ ಅವನ ಹೆಸರಿನ ಜೊತೆಗೇ ಒಯ್ದೆ. ನನಗೆ ಆರಿಸೋದು ಬರಲ್ಲ ಬೋರಕ್ಕ. ಗುಡಿಸೋದು ಮಾತ್ರ ಬರ್ತದೆ."

"ಹಾಗಾದರೆ ಆ ಮಾತು ಊರಲ್ಲಿ ಉಳಿದಿದ್ದರೆ ಕೆಂಚಿ ಇವತ್ತು ಸಿಳ್ಳೆ ಹಾಕ್ತಿದ್ದಳು!"

"ಹೌದು."

"ಅವನ ಹೆಸರು ಹೇಳು."

"ನನ್ನ ಹತ್ತಿರ ಇಲ್ಲ. ಕಂಡದ್ದು ಕೇಳಿದ್ದು ನನಗೆ ನೆನಪಿರ್ತದೆ, ಹೆಸರುಗಳನ್ನ ಮಾತ್ರ ಕಡಲಿಗೆ ಸುರಿದೆ. ಕಡಲು ವಾಪಸು ಕೊಡಲ್ಲ."

ಬೋರಕ್ಕ ಅಲ್ಲೇ ಕೂತಳು. ಅಳಬೇಕೆಂದರೆ ಯಾರಿಗಾಗಿ ಅಳುವುದು? ಮುಖ ನೆನಪಿಲ್ಲ, ದನಿ ನೆನಪಿಲ್ಲ. ಸವೆದ ಒಂದು ಹಿಮ್ಮಡಿ ಬಿಟ್ಟರೆ ಏನೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಸೀರೆಯ ಧೂಳು ಕೊಡವಿಕೊಂಡಳು.

"ಅವನದು ಹೋಯಿತು. ಕೆಂಚಿಯದು ನಿನಗೆ ಕೊಡಲ್ಲ."

"ನಾನು ಬರಲೇಬೇಕು, ಕಟ್ಟಳೆ," ಎಂದಿತು ಗಾಳಿ. "ಆದರೆ ನಾನು ಎತ್ತಲಾರದ ಕಡೆ ನೀನು ಅದನ್ನ ಇಟ್ಟರೆ ನಾನೇನು ಮಾಡೋಕಾಗ್ತದೆ? ನನ್ನ ಕೈ ಖಾಲಿಯಾಗೇ ಹೋಗ್ತದೆ."

ಬೋರಕ್ಕ ಹಳ್ಳದ ಬಳಿಗೆ ಹೋದಳು. "ಹಳ್ಳವ್ವ, ಒಂದು ಹುಡುಗಿಯ ಬದುಕು ಇಟ್ಟುಕೊಳ್ತೀಯಾ?"

"ಕೊಡು ತಾಯಿ," ಎಂದಿತು ಹಳ್ಳ, ಹರಿಯುತ್ತಲೇ. "ಆದರೆ ನಾನು ನಿಲ್ಲೋಳಲ್ಲ. ನೀನು ಇಲ್ಲಿ ಹೇಳಿದ್ದು ತಿರುವು ದಾಟೋದರೊಳಗೆ ನೊರೆ ಆಗಿರ್ತದೆ."

ಮುತ್ತುಗದ ಮರದ ಬಳಿಗೆ ಹೋದಳು. ಮರ ಎಲೆ ಅಲುಗಿಸಿತು. "ಎಲೆ ಎಲೆ ಮೇಲೂ ಬರ್ಕೊಳ್ತೀನಿ. ಆದರೆ ಚಳಿ ಮುಗಿದ ಮೇಲೆ ಒಂದು ಎಲೆಯೂ ನನ್ನ ಮೈಮೇಲೆ ಇರಲ್ಲವಲ್ಲ ಬೋರಕ್ಕ."

ಮರುದಿನ ಬೆಳಗಾಗುತ್ತಲೇ ಅವಳು ಊರ ಮುಂದಿನ ದೊಡ್ಡ ಬಂಡೆಯ ಮುಂದೆ ನಿಂತಳು. ಆ ಬಂಡೆ ಯಾರೊಡನೆಯೂ ಮಾತಾಡಿದ್ದೇ ಇಲ್ಲ. ಬೋರಕ್ಕ ಕೇಳಿದಳು. ಉತ್ತರವಿಲ್ಲ. ಮತ್ತೆ ಕೇಳಿದಳು. ಉತ್ತರವಿಲ್ಲ. ಏಳನೆಯ ಸಲ ಕೇಳಿದಾಗ ಬಂಡೆಯ ಒಳಗಿನಿಂದ, ಬಹಳ ಆಳದಿಂದ, ಒಂದು ದನಿ ಬಂತು.

"ನನಗೆ... ಕಿವಿ ಮಂದ. ಒಂದು ಮಾತು... ಒಳಗಿಳಿಯೋಕೆ... ಎರಡು ಹಗಲು ಬೇಕು. ಬಿಡದೆ ಹೇಳಬೇಕು. ನಡುವೆ ನಿಂತರೆ... ಹೇಳಿದ್ದೆಲ್ಲ ಉದುರಿಹೋಗ್ತದೆ. ಒಳಗಿಳಿದ ಮೇಲೆ... ಯಾರೂ ತೆಗೆಯಲಾರರು."

"ಎರಡು ಹಗಲು ತಾನೆ," ಎಂದಳು ಬೋರಕ್ಕ.

ಅವಳು ಬಂಡೆಗೆ ಬಾಯಿ ತಾಕಿಸಿ, ಗಾಳಿ ನುಗ್ಗದ ಹಾಗೆ ಎರಡೂ ಕೈ ಅಡ್ಡ ಹಿಡಿದು, ಹೇಳತೊಡಗಿದಳು. "ಇವಳು ಕೆಂಚಿ. ಹೊನ್ನೂರಿಯ ಮಗಳು. ಹುಟ್ಟುತ್ತಲೇ ಅತ್ತವಳು. ಎರಡು ಬೆರಳಲ್ಲಿ ಸಿಳ್ಳೆ ಹಾಕುತ್ತಿದ್ದಳು. ಹುಂಜಕ್ಕೆ ಹೆದರುತ್ತಿದ್ದಳು. ಕೆಂಪು ನರದ ಗೆಡ್ಡೆ ತಿಂದು ಸತ್ತಳು. ಇವಳು ಕೆಂಚಿ. ಹೊನ್ನೂರಿಯ ಮಗಳು..."

ಬಿಸಿಲೇರಿತು. ಬಂಡೆ ಕಾದ ಹೆಂಚಾಯಿತು. ಅವಳ ತುಟಿಯ ಮೇಲೆ ಬೊಕ್ಕೆ ಎದ್ದಿತು. ಅವಳು ನಿಲ್ಲಿಸಲಿಲ್ಲ. ಸಂಜೆಯಾಯಿತು, ಕತ್ತಲಾಯಿತು, ಮತ್ತೆ ಬೆಳಗಾಯಿತು. ಅವಳು ನಿಲ್ಲಿಸಲಿಲ್ಲ.

ಬೆಳಿಗ್ಗೆ ಹೊನ್ನೂರಿ ಬಂದಳು. ತಲೆ ಕೆದರಿತ್ತು, ಕಣ್ಣು ಕೆಂಪಾಗಿತ್ತು. "ಅಕ್ಕಾ, ಬಿಡು! ಇವತ್ತು ಮೂರನೇ ದಿನ. ಹೊತ್ತೇರಿದರೆ ಗಾಳಿ ಬರ್ತದೆ, ನನ್ನ ಹೊಟ್ಟೆಯ ಉರಿ ಆರ್ತದೆ. ನೀನು ಯಾಕೆ ಅಡ್ಡ ನಿಲ್ತೀಯ? ನಿನಗೇನು ಗೊತ್ತು ಮಗು ಕಳಕೊಂಡ ಸಂಕಟ?"

ಬೋರಕ್ಕ ಬಂಡೆಯಿಂದ ಬಾಯಿ ತೆಗೆದು ಉತ್ತರ ಕೊಡುವ ಹಾಗಿರಲಿಲ್ಲ. ಕೊಟ್ಟರೆ ಹೇಳಿದ್ದೆಲ್ಲ ಉದುರುತ್ತಿತ್ತು. ಆದರೆ ಕೆಂಚಿಯ ಕತೆಯ ನಡುವೆ, ದನಿ ಬದಲಿಸದೆ, ಬಂಡೆಗೆ ಹೇಳುವ ಹಾಗೆಯೇ ಹೇಳಿದಳು: "ಇವಳಿಗಿಂತ ಮುಂಚೆ ಒಬ್ಬ ಅದೇ ಗೆಡ್ಡೆ ತಿಂದು ಸತ್ತ. ಅವನು ನನ್ನ ಗಂಡ. ಮಕ್ಕಳಿಗೆ ಹೇಳಿ ಅಂತ ಮೂರು ಸಲ ಹೇಳಿದ್ದ. ಊರು ಅದನ್ನ ಮರೆಯಿತು. ಅವನ ಚಪ್ಪಲಿ ನನ್ನ ಬಾಗಿಲ ಹಿಂದಿವೆ. ಅವನ ಹೆಸರು ನನಗೆ ಗೊತ್ತಿಲ್ಲ. ಇವಳು ಕೆಂಚಿ. ಹೊನ್ನೂರಿಯ ಮಗಳು..."

ಹೊನ್ನೂರಿ ನಿಂತಲ್ಲೇ ನಿಂತಳು. ಬೋರಕ್ಕನ ಮನೆಗೆ ಹೋದಾಗಲೆಲ್ಲ ಆ ಚಪ್ಪಲಿಗಳನ್ನು ಅವಳೂ ನೋಡಿದ್ದಳು. ಇವು ಯಾರವು ಅಕ್ಕಾ ಎಂದು ಒಂದು ಸಲ ಕೇಳಿ, ಉತ್ತರ ಬರದೆ ಇಬ್ಬರೂ ನಕ್ಕಿದ್ದರು. ಕೆಂಚಿಯ ಗೊಂಬೆ, ಕೆಂಚಿಯ ಲಂಗ, ನಾಳೆ ತನ್ನ ಬಾಗಿಲ ಹಿಂದೆ ಹಾಗೆಯೇ ಕೂತಿರುತ್ತವೆ. ನಾಳೆ ತಾನೂ ಅವನ್ನು ನೋಡಿ ನಗುವವಳೇ.

ಅಷ್ಟರಲ್ಲಿ ಹೊತ್ತು ನೆತ್ತಿಗೇರಿತು. ಗಾಳಿ ಬಂತು.

ಕೆಂಧೂಳು ಎಬ್ಬಿಸಿಕೊಂಡು ಬಂತು. ಎಡಗಡೆಯಿಂದ ಬೀಸಿತು, ಬಲಗಡೆಯಿಂದ ಬೀಸಿತು. ಬೋರಕ್ಕನ ಸೆರಗು ಹಾರಿತು, ಕೂದಲು ಬಿಚ್ಚಿಹೋಯಿತು. ಅವಳು ಬಂಡೆಗೆ ಅಂಟಿಕೊಂಡಳು. ಆದರೆ ಒಂದು ಹಗಲು ಒಂದು ಇರುಳು ಬಿಡದೆ ಹೇಳಿದ ಗಂಟಲು. ಧೂಳು ಹೊಕ್ಕು ಒಮ್ಮೆಲೇ ಕಟ್ಟಿಕೊಂಡಿತು. "ಇವಳು..." ಎಂದಳು. ಮುಂದಿನ ಮಾತು ಹೊರಡಲಿಲ್ಲ.

"ಕೆಂಚಿ!"

ಕೂಗಿದವಳು ಹೊನ್ನೂರಿ. ಓಡಿ ಬಂದು ಬೋರಕ್ಕನ ಪಕ್ಕದಲ್ಲೇ ಬಂಡೆಗೆ ಬಾಯಿಟ್ಟಳು. "ಇವಳು ಕೆಂಚಿ! ನನ್ನ ಮಗಳು! ಮಲಗೋವಾಗ ನನ್ನ ಕಿವಿ ಹಿಡ್ಕೊಂಡು ಮಲಗೋಳು! ಬೆಲ್ಲ ಕದ್ದು ಆಡಿಗೆ ತಿನ್ನಿಸೋಳು!"

ಮಾತು ನಿಲ್ಲಲಿಲ್ಲ. ಹೊನ್ನೂರಿಯ ಗಂಟಲು ಬಿದ್ದಾಗ ಓಬಯ್ಯ ಬಂದ. "ಇವಳು ಕೆಂಚಿ. ನನ್ನ ಕೋಲು ಬಚ್ಚಿಟ್ಟು ಕಾಡಿಸ್ತಿದ್ದಳು," ಎಂದ, ಅಳುತ್ತ. ಆಮೇಲೆ ಹತ್ತು ಒಲೆಯವರೂ ಬಂದರು. ಒಬ್ಬರ ಉಸಿರು ಮುಗಿಯುವಲ್ಲಿ ಇನ್ನೊಬ್ಬರು ಹಿಡಿದರು. ಗಾಳಿ ಊರೆಲ್ಲ ಸುತ್ತಿತು, ಪ್ರತಿ ಬಾಗಿಲಲ್ಲೂ ಹುಡುಕಿತು. ಮನೆಗಳಲ್ಲಿ ಯಾರೂ ಇರಲಿಲ್ಲ. ಹೆಸರೂ ಇರಲಿಲ್ಲ. ಎಲ್ಲ ಬಂಡೆಯ ಹತ್ತಿರ ಇತ್ತು.

ಸಂಜೆ ಬಂಡೆ ಒಂದೇ ಮಾತು ಹೇಳಿತು. "ಇಳೀತು."

ಜನ ಹಿಂದೆ ಸರಿದು ನೋಡಿದರು. ಅವರ ಉಸಿರಿನ ಪಸೆ ತಾಕಿದ್ದ ಕಡೆ, ಬೋಳು ಬಂಡೆಯ ಮೇಲೆ, ಉಗುರಗಲದ ಒಂದು ದುಂಡು ಮಚ್ಚೆ ಎದ್ದಿತ್ತು. ಬೂದಿಗೆ ಹಸಿರು ಕಲಸಿದ ಬಣ್ಣ. ಅಂಚು ಹೂವಿನ ಎಸಳಿನ ಹಾಗೆ ಸುರುಳಿ ಸುರುಳಿ. ಜನ ಅದನ್ನು ಕಲ್ಲುಹೂವು ಎಂದರು. ಗಾಳಿ ಬಂದು ಅದನ್ನು ಮೆಲ್ಲಗೆ ತಡವಿತು. ಎತ್ತಲು ನೋಡಿತು. ಆಗಲಿಲ್ಲ.

"ಇದು ನನ್ನ ಕೈಗೆ ಬರೋದಲ್ಲ," ಎಂದು ಗಾಳಿ ಖಾಲಿ ಕೈಯಲ್ಲಿ ಹೋಯಿತು. ಹೋಗುವಾಗ ಅದರ ಹೆಜ್ಜೆಯೂ ಹಗುರಾಗಿತ್ತಂತೆ.

ನಾಲ್ಕನೆಯ ದಿನ ಹೊನ್ನೂರಿ ಅತ್ತುಕೊಂಡೇ ಮುದ್ದೆ ತಿಂದಳು. ಐದನೆಯ ದಿನವೂ ಅತ್ತಳು. ಬಹಳ ದಿನ ಅತ್ತಳು. ಆದರೆ ಮಗಳು ಯಾರೆಂದು ಅವಳಿಗೆ ಗೊತ್ತಿತ್ತು. ಒಂದು ದಿನ ಬೆಲ್ಲದ ಡಬ್ಬಿ ತೆಗೆಯುವಾಗ, ಅಳುತ್ತಿದ್ದವಳು ನಡುವೆ ನಕ್ಕುಬಿಟ್ಟಳು.

ಬೋರಕ್ಕ ಗಂಟಲು ಸರಿಹೋದ ಮೇಲೆ ಮತ್ತೆ ಬಂಡೆಗೆ ಹೋಗಿ, ಎರಡು ಹಗಲು ಬಾಯಿಟ್ಟು ಹೇಳಿದಳು. "ಇವನು ಬೋರಕ್ಕನ ಗಂಡ. ಎಡ ಹಿಮ್ಮಡಿ ಒತ್ತಿ ನಡೆಯುತ್ತಿದ್ದ. ಊರಿನ ಮಕ್ಕಳು ಉಳಿಯಲಿ ಅಂತ ಸಾಯುವಾಗ ಮೂರು ಸಲ ಹೇಳಿದ." ಹೆಸರಿನ ಜಾಗದಲ್ಲಿ ಅವಳು ಒಂದು ಉಸಿರು ಬಿಡುತ್ತಿದ್ದಳು. ಹೆಸರಿಲ್ಲದಿದ್ದರೂ ಹೂವು ಎದ್ದಿತು. ಕೆಂಚಿಯದರ ಪಕ್ಕದಲ್ಲೇ.

ಅಲ್ಲಿಂದಾಚೆ ಹತ್ತೊಲೆಯಲ್ಲಿ ಯಾರು ತೀರಿಕೊಂಡರೂ ಊರು ಬಂಡೆಯ ಬಳಿ ಸೇರುತ್ತಿತ್ತು. ಹೀಗೆ ಹುಟ್ಟಿದರು, ಹೀಗೆ ಬಾಳಿದರು, ಹೀಗೆ ಹೋದರು ಎಂದು ಹೇಳುತ್ತಿತ್ತು. ಒಳ್ಳೆಯದನ್ನಷ್ಟೇ ಅಲ್ಲ, ಜಗಳಗಂಟಿಯನ್ನು ಜಗಳಗಂಟಿ ಎಂದೇ ಹೇಳುತ್ತಿದ್ದರು. ನೀರು ಎಲ್ಲಿದೆಯೆಂದು ಮೊದಲು ಕಂಡವಳು, ಹಾವು ಕಚ್ಚಿದ ಜಾಗ, ಮಳೆಗಾಲದಲ್ಲಿ ಹಳ್ಳ ದಾಟಬಾರದ ಕಡೆ, ಎಲ್ಲ ಆ ಹೂಗಳಲ್ಲಿ ಉಳಿಯಿತು. ದೊಡ್ಡವರು ಮಕ್ಕಳನ್ನು ಕರೆದುಕೊಂಡು ಬಂದು ಬೆರಳಿಟ್ಟು ತೋರಿಸುತ್ತಿದ್ದರು. ಕೆಂಪು ನರದ ಗೆಡ್ಡೆ ತಿಂದು ಆ ಊರಿನ ಇನ್ನೊಂದು ಮಗು ಸಾಯಲಿಲ್ಲ.

ಬಹಳ ವರ್ಷದ ಮೇಲೆ ಬೋರಕ್ಕ ತಾನೂ ಮುಪ್ಪಾಗಿ ತೀರಿಕೊಂಡಳು. ಅವಳ ಕೈಗೆ ಹುಟ್ಟಿದವರು ಎಷ್ಟು ಜನವೋ ಅಷ್ಟೂ ಜನ ಬಂದರು. ಎಲ್ಲರಿಗೂ ಹೇಳಲು ಒಂದೊಂದು ಮಾತಿತ್ತು. ಎರಡು ಹಗಲು ಸಾಲದೆ ಒಂಬತ್ತು ಹಗಲು ಹೇಳಿದರು. ಅಕ್ಕಪಕ್ಕದ ಊರಿನವರು ನೋಡಿ ಕಲಿತು, ತಮ್ಮ ತಮ್ಮ ಊರ ಬಂಡೆಗೆ ಬಾಯಿಟ್ಟರು. ಹಾಗೆ ಬೆಟ್ಟದಿಂದ ಬೆಟ್ಟಕ್ಕೆ ಹೂವು ಹಬ್ಬಿತು.

ಬಂಡೆಗೆ ಕಿವಿ ಇಂದಿಗೂ ಮಂದವೇ. ಅದಕ್ಕೇ ಕಲ್ಲುಹೂವು ಒಂದು ಬೆರಳಗಲ ಬೆಳೆಯಲು ನೂರು ಮಳೆಗಾಲ ಹಿಡಿಯುತ್ತದೆ, ಮಗು. ಮತ್ತು ನೀನು ಬೆಟ್ಟದ ಕಲ್ಲಿನ ಮೇಲೆ ಆ ಬೂದುಹಸಿರು ದುಂಡು ಮಚ್ಚೆಗಳನ್ನು ಕಂಡು ಉಗುರಿನಿಂದ ಕೆರೆದರೂ, ಸುತ್ತ ಗಾಳಿ ಎಷ್ಟೇ ಬೀಸಿದರೂ, ಅವು ಹಿಡಿದ ಕಲ್ಲನ್ನು ಸುಮ್ಮನೆ ಬಿಟ್ಟುಕೊಡುವುದಿಲ್ಲ.