ಸಮೇಲಪ್ಪನ ಕ್ಯಾಪೊ

ಬೆಟಗೇರಿಯ ಒಂದು ಓಣಿಯಲ್ಲಿ ಒಬ್ಬ ತಾಯಿ, ಒಬ್ಬ ಮಗ. ತಾಯಿ ರಾಹೇಲವ್ವ, ಮಗ ಸಮೇಲಪ್ಪ. ಮೂವತ್ತು ದಾಟಿದವನು, ದಪ್ಪ ಮೀಸೆಯವನು. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು! ಬಾಗಿಲು ನೋಡಿಕೊಂಡಿರು ಅಂದರೆ ಬಾಗಿಲನ್ನೇ ನೋಡುತ್ತ ಕೂಡುವನು. ಕಿಟಕಿಯಿಂದ ಬೆಕ್ಕು ಬಂದು ಹಾಲು ಕುಡಿದು ಹೋದರೂ ತಲೆ ತಿರುಗಿಸುವವನಲ್ಲ. ಓಣಿಯವರು ಪೆದ್ದ ಅನ್ನುತ್ತಿದ್ದರು. ನಾನೂ ಅಂದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ರಾಹೇಲವ್ವನ ಗಂಡ ಚರ್ಚಿನಲ್ಲಿ ಗಿಟಾರು ಬಾರಿಸುತ್ತಿದ್ದ, ಈಕೆ ಹಾಡುತ್ತಿದ್ದಳು. ಅವನು ತೀರಿಕೊಂಡು ವರ್ಷವಾಗುತ್ತ ಬಂತು. ವರ್ಷದ ಪ್ರಾರ್ಥನೆಯ ದಿನ ಅವನ ಮೆಚ್ಚಿನ ಕೀರ್ತನೆಯನ್ನು ತಾನು ಹಾಡಬೇಕು, ಅವನ ಗಿಟಾರನ್ನು ಮಗ ಬಾರಿಸಬೇಕು. ಇಷ್ಟೇ ಅವಳ ಆಸೆ. ಆ ಒಂದು ದಿನ ನನ್ನ ಮಗನನ್ನು ನೋಡಿ ಯಾರೂ ನಗದಿರಲಿ ದೇವರೇ, ಅಂತ ದಿನಾ ಬೇಡಿಕೊಳ್ಳುವಳು.

ಮಗನಿಗೆ ಗಿಟಾರಿನಲ್ಲಿ ಬರುತ್ತಿದ್ದದ್ದು ಮೂರೇ ಮೂರು ಕಾರ್ಡು, ಅಂದರೆ ಬೆರಳಿನಿಂದ ತಂತಿ ಒತ್ತಿ ಹಿಡಿಯುವ ಮೂರು ಸ್ವರಮೇಳ. ತಾಯಿಯ ದನಿ ಅವುಗಳ ಶ್ರುತಿಗಿಂತ ತುಸು ಮೇಲೆ. ಚರ್ಚಿನ ಹಾಡಿನ ಮಾಸ್ತರು ತಿಮೊಥಿ ಒಂದು ಉಪಾಯ ಹೇಳಿದರು.

"ಒಂದು ಕ್ಯಾಪೊ ತರಸ್ರಿ ರಾಹೇಲವ್ವಾರ. ಕ್ಲಿಪ್ಪಿನಂಥಾದ್ದು. ಗಿಟಾರಿನ ಕುತ್ತಿಗಿಗೆ ಹಚ್ಚಿದ್ರ ತಂತಿ ಒತ್ತಿ ಹಿಡೀತದ, ಶ್ರುತಿ ಮ್ಯಾಲೇರತದ. ಇವ ಅವೇ ಮೂರು ಕಾರ್ಡು ಬಾರಿಸಿದ್ರ ಆತು."

"ಹೋಗಪ್ಪಾ, ಗಟ್ಯಾಗಿ ಹಿಡಿಯೂದು ನೋಡಿ ತಗೊಂಬಾ!" ಅಂದಳು ತಾಯಿ.

"ಆತವ್ವಾ!"

ಹೋದ. ಅಂಗಡಿಯ ಕ್ಯಾಪೊಗಳನ್ನೆಲ್ಲ ಒಂದೊಂದಾಗಿ ಹೆಬ್ಬೆರಳಿಗೆ ಕಚ್ಚಿಸಿಕೊಂಡ. ಯಾವುದು ಕಚ್ಚಿದಾಗ ಕಣ್ಣಲ್ಲಿ ನೀರು ಬಂತೋ ಅದನ್ನೇ ತಂದ! ಅದರ ರಬ್ಬರು ಒಳಕ್ಕೆ ಬಾಗಿದ್ದು, ಉಬ್ಬಿದ ಕುತ್ತಿಗೆಯ ಗಿಟಾರಿಗೆ ಮಾಡಿದ್ದು. ಅಪ್ಪನ ಗಿಟಾರೋ ನೈಲಾನ್ ತಂತಿಯದು, ಅದರ ಕುತ್ತಿಗೆ ಅಗಲ, ಲಟ್ಟಿಸುವ ಮಣೆಯ ಹಾಗೆ ಸಪಾಟು. ಹಚ್ಚಿ ಬಾರಿಸಿದರೆ ನಡುವಿನ ತಂತಿಗಳು ಜುಂಯ್ ಅಂದವು, ಅಂಚಿನವು ಬಿಗಿ ತಾಳದೆ ಅಪಸ್ವರ ಹಾಡಿದವು.

"ಅಯ್ಯ ನನ್ನ ಕರ್ಮ! ಬೆರಳಿಗೆ ಹಚ್ಚಿ ನೋಡ್ತಾರೇನೋ? ಯಾವುದಕ್ಕ ಬೇಕೋ ಅದನ್ನ ಅಂಗಡಿಗೆ ಒಯ್ದು, ಹಚ್ಚಿ ನೋಡಿ ತರಬೇಕು!"

"ಆತವ್ವಾ, ಇನ್ನ ಹಂಗ ಮಾಡ್ತೀನಿ!"

ಮರುದಿನ ಪಾತೇಲಿಗೆ ಮುಚ್ಚಳ ಬೇಕಾಯಿತು. "ಒಂದು ಮುಚ್ಚಳ ತಾರೋ," ಅಂದು ತಾಯಿ ನೀರಿಗೆ ಹೋದಳು. ಒಲೆಯ ಮೇಲೆ ಪಾತೇಲಿಯಲ್ಲಿ ಸಾರು ಕುದಿಯುತ್ತಿತ್ತು. ಯಾವುದಕ್ಕೆ ಬೇಕೋ ಅದನ್ನು ಒಯ್ಯಬೇಕಲ್ಲ? ಅರಿವೆ ಸುತ್ತಿ ಪಾತೇಲಿ ಎತ್ತಿಕೊಂಡೇ ಹೊರಟ! ಮುಚ್ಚಳ ಸರಿಯಾದದ್ದೇ ಬಂತು. ಸಾರು ಅರ್ಧ ಬಜಾರಿನಲ್ಲಿ, ಅರ್ಧ ಅವನ ಪ್ಯಾಂಟಿನ ಮೇಲೆ.

"ಸುಟ್ಟುಕೊಂಡ್ಯೇನೋ ನನ್ನಪ್ಪಾ?" ತಾಯಿ ಮೊದಲು ಕಾಲು ನೋಡಿದಳು, ಆಮೇಲೆ ಬೈದಳು. "ಒಯ್ಯೂ ಮುಂದ ಒಳಗಿದ್ದದ್ದನ್ನ ತಗದಿಟ್ಟು, ಖಾಲಿ ಮಾಡಿ ಒಯ್ಯಬೇಕೋ!"

"ಆತವ್ವಾ, ಇನ್ನ ಹಂಗ ಮಾಡ್ತೀನಿ!"

ಮೂರನೆಯ ದಿನ ಕ್ಯಾಪೊ ಬದಲಿಸಿಕೊಂಡು ಬರಲು ಗಿಟಾರು ಒಯ್ಯಬೇಕಿತ್ತು. ಏನು ಮಾಡಿದ ಗೊತ್ತೇನು? ಆರೂ ತಂತಿ ಬಿಚ್ಚಿದ, ಸುರುಳಿ ಸುತ್ತಿದ, ಅವ್ವನ ಟ್ರಂಕಿನಲ್ಲಿಟ್ಟ, ಬೋಳು ಗಿಟಾರು ಹೊತ್ತುಕೊಂಡು ನಡೆದ! ಅಂಗಡಿಯ ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿಸಿ ಬೋಳು ಕುತ್ತಿಗೆಯ ಮೇಲೆ ಅಡ್ಡಲಾಗಿ ಅಳತೆಪಟ್ಟಿ ಇಟ್ಟು ನೋಡಿದ.

"ಪಟ್ಟಿ ಒಂದೀಟೂ ಅಲುಗಾಡವಲ್ತು! ಇದು ಸಪಾಟ ಐತಿ ತಮ್ಮಾ. ಸಪಾಟ ರಬ್ಬರಿಂದು, ಉದ್ದಂದು ಬೇಕು. ಇದರಾಗ ತಿರುಪು ಐತಿ ನೋಡು, ಬೇಕಾದಷ್ಟ ಬಿಗಿ ಮಾಡಬಹುದು."

ಅಂತೂ ತಕ್ಕ ಕ್ಯಾಪೊ ಬಂತು. ಆದರೆ ತಂತಿ ಮತ್ತೆ ಕಟ್ಟಿ ಶ್ರುತಿ ಕೂಡಿಸಲು ಮಾಸ್ತರಿಗೆ ಎರಡು ಸಂಜೆ ಹಿಡಿಯಿತು. ರಾಹೇಲವ್ವ ಹಣೆ ಹಣೆ ಬಡಿದುಕೊಂಡಳು.

"ಆರು ತಂತಿ ಅದಾವ. ಇನ್ನ ಒಂದನ್ನೂ ಬಿಡಬ್ಯಾಡ! ಕೇಳಿಸ್ತೇನು? ಒಂದನ್ನೂ!"

"ಆತವ್ವಾ, ಇನ್ನ ಹಂಗ ಮಾಡ್ತೀನಿ!"

ಅಭ್ಯಾಸಕ್ಕೆ ಕೂತಾಗ ಮಾಸ್ತರು ಹೇಳಿದರು, "ನಿಮ್ಮಪ್ಪ ಈ ಕೀರ್ತನಿಗೆ ಕ್ಯಾಪೊ ಪೂರ್ತಿ ಹಚ್ಚತಿದ್ದಿಲ್ಲ. ಕುತ್ತಿಗಿ ಮ್ಯಾಲಿನ ಎರಡನೇ ಫ್ರೆಟ್ಟಿಗೆ ಐದು ತಂತಿ ಹಿಡಿಸಿ, ದಪ್ಪಂದು ಒಂದು ಬಿಟ್ಟುಬಿಡತಿದ್ದ. ಅದು ತಳದಾಗ ತಂಬೂರಿ ಹಂಗ ಗುಂಯ್ ಅಂತಿತ್ತು. ನೀನೂ ಬಿಡು."

"ಒಲ್ಲೆ! ಒಂದನ್ನೂ ಬಿಡಬ್ಯಾಡ ಅಂದಾಳ ಅವ್ವ!"

ಮಾಸ್ತರ ಮಾತಿಗೆ ಕ್ಯಾಪೊ ಐದು ತಂತಿಗೆ ಹಚ್ಚಿದ. ಅವ್ವನ ಮಾತಿಗೆ ಆರನೆಯದನ್ನು ಎಡಗೈ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ಕೂತ.

"ಇನ್ನ ಕಾರ್ಡು ಹಿಡಿಯೋ!"

"ಕೈ ಖಾಲಿ ಇಲ್ರಿ ಮಾಸ್ತರ!"

ಮಾಸ್ತರು ಬೈಯಲಿಲ್ಲ. ಅವನ ಬೆರಳು ಒಂದೊಂದಾಗಿ ಬಿಡಿಸಿದರು. "ಬಿಟ್ಟು ನೋಡಪ್ಪಾ. ಅದು ಎಲ್ಲೂ ಹೋಗೂದಿಲ್ಲ." ದಪ್ಪ ತಂತಿ ಗುಂಯ್ ಅಂತು. ಸಮೇಲಪ್ಪ ಬೆರಗಾಗಿ ಗಿಟಾರಿಗೆ ಕಿವಿ ಹಚ್ಚಿದ. ಬಾಗಿಲಲ್ಲಿ ನಿಂತಿದ್ದ ರಾಹೇಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಹೋದ ಮೇಲೆ ಇವನಿಗೆ ಯಾರು ಹೇಳಿಕೊಡುತ್ತಾರೆ ಅನ್ನುವ ಚಿಂತೆ ಅವಳಿಗೆ ಹಗಲಿರುಳೂ ಇತ್ತು. ಆ ಹೊತ್ತಿಗೆ ಆ ಚಿಂತೆ ಸ್ವಲ್ಪ ಹಗುರಾಯಿತು.

ವರ್ಷದ ಪ್ರಾರ್ಥನೆಯ ರವಿವಾರ ಬಂತು. ಚರ್ಚಿನ ಮೆಟ್ಟಿಲಲ್ಲಿ ನಿಂತು ತಾಯಿ ಮಗನಿಗೆ ಕೊನೆಯ ಬುದ್ಧಿ ಹೇಳಿದಳು.

"ನಡುವ ನಿಲ್ಲಿಸಬ್ಯಾಡ. ಪೂರಾ ಹಾಡಿ, ನಾ 'ಸಾಕು' ಅಂತೀನಿ. ಅಲ್ಲೀತನಕ ಬಾರಿಸಿಕೋತ ಇರು."

"ಆತವ್ವಾ!"

ಕೀರ್ತನೆಯ ಮೊದಲನೆಯ ನುಡಿ ಚೆಂದ ಬಂತು. ಐದು ತಂತಿ ಹಾಡಿದವು, ಬಿಟ್ಟ ತಂತಿ ತಳದಲ್ಲಿ ಗುಂಯ್ ಅನ್ನುತ್ತಿತ್ತು. ಯಾರೂ ನಗಲಿಲ್ಲ. ಆದರೆ ಆ ಗುಂಯ್ ಕೇಳಿ ರಾಹೇಲವ್ವನಿಗೆ ಗಂಡನೇ ಪಕ್ಕದಲ್ಲಿ ಕೂತಂತಾಯಿತು. ಎರಡನೆಯ ನುಡಿಗೆ ಬಾಯಿ ತೆರೆದಳು, ದನಿ ಬರಲಿಲ್ಲ. ಮುಂದಿನ ಬೆಂಚಿನ ಮೇಲೆ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು.

ಸಮೇಲಪ್ಪ ತಾಯಿಯ ಮುಖ ನೋಡಿದ. ಅವಳು ಸಾಕು ಅನ್ನಲಿಲ್ಲ. ಬಾರಿಸುತ್ತ ಹೋದ!

ಪಾದ್ರಿ ಅಯ್ಯನವರು ಕಾದರು, ಕೆಮ್ಮಿದರು, ಬೈಬಲ್ ಓದತೊಡಗಿದರು. ಬಾರಿಸುತ್ತ ಹೋದ! ಹಿರಿಯರೊಬ್ಬರು ಭುಜ ಮುಟ್ಟಿ "ಸಾಕಪ್ಪಾ" ಅಂದರು. "ಅವ್ವ ಅನ್ನಬೇಕ್ರಿ!" ಅಂದ, ಬಾರಿಸುತ್ತ ಹೋದ! ಹಿಂದಿನ ಬೆಂಚುಗಳಲ್ಲಿ ನಗೆ ಎದ್ದಿತು. ಉಪದೇಶದ ಪ್ರಸಂಗ ಆಯಿತು, ಕಾಣಿಕೆ ಎತ್ತಿದ್ದಾಯಿತು. ಅಷ್ಟರಲ್ಲಿ ನಗುವವರು ನಕ್ಕು ದಣಿದಿದ್ದರು. ಆಶೀರ್ವಾದವಾಗಿ ಜನ ಎದ್ದು ಬಾಗಿಲಿಗೆ ಬಂದು ಚಪ್ಪಲಿ ಹುಡುಕತೊಡಗಿದರು. ಸಮೇಲಪ್ಪನ ಬೆರಳು ಕೆಂಪಗೆ ಊದಿದ್ದವು. ಅವವೇ ಮೂರು ಕಾರ್ಡು, ಬಾರಿಸುತ್ತಲೇ ಇದ್ದ.

ಆಗ ರಾಹೇಲವ್ವ ಎದ್ದಳು. ಮೂಗೊರೆಸಿಕೊಂಡು ಮಗನ ಪಕ್ಕ ನಿಂತು ಎರಡನೆಯ ನುಡಿ ಎತ್ತಿಕೊಂಡಳು. ದನಿ ಒಡೆದಿತ್ತು, ಆದರೂ ಬಂತು. ಬಾಗಿಲಲ್ಲಿದ್ದವರು ಇದ್ದಲ್ಲೇ ನಿಂತರು. ಮೂರನೆಯದು ಹಾಡಿದಳು, ನಾಲ್ಕನೆಯದು ಹಾಡಿದಳು, ಕೀರ್ತನೆ ಮುಗಿಯಿತು.

ಸಮೇಲಪ್ಪ ಬಾರಿಸುತ್ತ ತಾಯಿಯ ತುಟಿಯನ್ನೇ ನೋಡುತ್ತಿದ್ದ. ತಾಯಿ ಸಾಕು ಅನ್ನಬೇಕೆಂದು ಬಾಯಿ ತೆರೆದಳು. ಅನ್ನಲಿಲ್ಲ. ಮೊದಲನೆಯ ನುಡಿಯಿಂದ ಮತ್ತೆ ಹಾಡತೊಡಗಿದಳು.